ನಮ್ಮ ಪದ್ಯದ ನಿರಾಶ್ರಿತನಿಗೆ ಜಾತಿ ಯಾಕಿಲ್ಲ?

ಈಚೆಗೆ ನಮ್ಮ ಕಡೆ ಎಲ್ಲಿ ಕವಿಗೋಷ್ಠಿ ನಡೆದರೂ ನಿರಾಶ್ರಿತರ ಮೇಲೊಂದು ಪದ್ಯ ಇದ್ದೇ ಇರುತ್ತದೆ. 2024ರ ಆಗಸ್ಟಿನಲ್ಲಿ ಢಾಕಾದಲ್ಲಿ ಶೇಖ್ ಹಸೀನಾ ಅವರ ಸರ್ಕಾರ ಬಿದ್ದು, ಬಾಂಗ್ಲಾದೇಶದ ಹಿಂದೂಗಳ ಮನೆ, ಅಂಗಡಿ, ಗುಡಿಗಳ ಮೇಲೆ ದಾಳಿಗಳಾದ ಮೇಲಂತೂ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕಿನ ವೇದಿಕೆಗಳಲ್ಲಿ ಇಂಥ ಪದ್ಯಗಳದ್ದೇ ಸುಗ್ಗಿ. ಬರೆದವರಲ್ಲಿ ಮಾಸ್ತರರಿದ್ದಾರೆ, ಕಾಲೇಜು ಹುಡುಗರಿದ್ದಾರೆ, ಪ್ರಗತಿಪರರು ಅಂತ ಹೆಸರಾದವರಿದ್ದಾರೆ. ನಾವೂ ಇದ್ದೇವೆ. ಆದ್ದರಿಂದ ಈ ಮಾತುಗಳನ್ನು ಹೊರಗೆ ನಿಂತು ಬೆರಳು ತೋರಿಸುವವರ ಮಾತು ಎಂದು ಯಾರೂ ತಿಳಿಯಬಾರದು. ಮೊದಲು ನಮ್ಮ ಪದ್ಯವನ್ನೇ ಕಟಕಟೆಗೆ ಹತ್ತಿಸುತ್ತೇವೆ.

ಹಾನಗಲ್ಲಿನ ಒಂದು ಗೋಷ್ಠಿಯಲ್ಲಿ ನಾವು ಓದಿದ ಪದ್ಯದಲ್ಲಿ ಏನೇನಿತ್ತು? ಗಡಿಯ ಮುಳ್ಳುತಂತಿ ಇತ್ತು. ತಂತಿಯ ಮೇಲೆ ಕೂತ ಹಕ್ಕಿ ಇತ್ತು. ಒಡೆದ ಮೂರ್ತಿ, ಅಳಿಸಿದ ಕುಂಕುಮ, ಕತ್ತಲಲ್ಲಿ ಹೊಳೆ ದಾಟುವ ತಾಯಿ, ಆಕೆಯ ಕಂಕುಳಲ್ಲಿ ಕೂಸು ಎಲ್ಲ ಇದ್ದವು. ಚಪ್ಪಾಳೆಯೂ ಬಿತ್ತು. ಉಳಿದವರ ಪದ್ಯಗಳಲ್ಲೂ ಹೆಚ್ಚುಕಡಿಮೆ ಇದೇ ಸಾಮಾನು. ಒಬ್ಬರ ಪದ್ಯದ ತಾಯಿಯನ್ನು ಇನ್ನೊಬ್ಬರ ಪದ್ಯದಲ್ಲಿ ಕೂರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಕೆ ಓಡಿ ಬರುವ ಮೊದಲು ಏನು ಕೆಲಸ ಮಾಡುತ್ತಿದ್ದಳು? ಆಕೆಯ ಮನೆ ಊರೊಳಗಿತ್ತೋ ಊರ ಹೊರಗಿತ್ತೋ? ನೀರು ಎಲ್ಲಿಂದ ತರುತ್ತಿದ್ದಳು? ಇದನ್ನು ಯಾವ ಪದ್ಯವೂ ಕೇಳಿರಲಿಲ್ಲ. ಆಕೆ ಹಿಂದೂ, ಅಷ್ಟೇ. ಅಷ್ಟು ಸಾಕು ಎಂದು ಪದ್ಯ ಅಂದುಕೊಂಡಿತ್ತು.

ಗೋಷ್ಠಿ ಮುಗಿದು ಕುರ್ಚಿ ಎತ್ತಿಡುವಾಗ ಸಭಾಗೃಹ ಗುಡಿಸಲು ಬಂದಿದ್ದ ವಯಸ್ಸಾದ ತಾಯಿಯೊಬ್ಬಳು ಪೊರಕೆ ಹಿಡಿದುಕೊಂಡೇ ನಮ್ಮನ್ನು ಕೇಳಿದಳು: ‘ತಮ್ಮಾ, ನೀ ಓದಿದ್ದು ಛಲೋ ಇತ್ತು. ಹೊಟ್ಟ್ಯಾಗ ಸಂಕಟ ಆತು. ಒಂದ್ ಮಾತ ಕೇಳ್ಲೇನು? ಅಲ್ಲಿಂದ ಆ ಮಂದಿ ಓಡಿ ಬಂದ್ರಲ್ಲಾ, ಅವರ ಸಂಡಾಸ ಬಳಿಯೋರು ಯಾರಿದ್ರು? ಅವರೂ ಓಡಿ ಬಂದ್ರೋ, ಅಲ್ಲೇ ಉಳದ್ರೋ?’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ‘ಗೊತ್ತಿಲ್ಲ ದೊಡ್ಡವ್ವ’ ಅಂದೆವು. ‘ಬರಿಯೋ ಮುಂದ ತಿಳಕೊಳ್ಳಬೇಕಿಲ್ಲೋ ಯಪ್ಪಾ’ ಅಂದು ಆಕೆ ಗುಡಿಸುತ್ತ ಮುಂದೆ ಹೋದಳು. ಮನೆತನದಲ್ಲಿ ಮೊದಲ ಬಾರಿ ಡಿಗ್ರಿ ಕಂಡವರು ನಾವು. ಮೂರು ವರ್ಷ ಕಾವ್ಯಮೀಮಾಂಸೆ ಓದಿದರೂ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರದಿದ್ದ ಪ್ರಶ್ನೆ ಅದು. ಉತ್ತರ ಹುಡುಕಲು ಹೊರಟಾಗ ನಮ್ಮ ಪದ್ಯ ಎಷ್ಟು ಟೊಳ್ಳು ಎಂಬುದು ತಾನೇ ಗೊತ್ತಾಯಿತು.

ಮಿತ್ರರೆ, ಆ ತಾಯಿಯ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರ ಇದೆ. ಅವರನ್ನು ಓಡಿ ಬರಲು ಬಿಡಲಿಲ್ಲ.

1947ರಲ್ಲಿ ದೇಶ ಇಬ್ಭಾಗವಾಗಿ ಕರಾಚಿಯಿಂದ ಹಿಂದೂಗಳು ಹಡಗು ಹತ್ತುತ್ತಿದ್ದಾಗ, ಅಲ್ಲಿನ ಸರ್ಕಾರ ಬೀದಿ ಗುಡಿಸುವವರನ್ನೂ ಮಲ ಎತ್ತುವವರನ್ನೂ ‘ಅವಶ್ಯಕ ಸೇವೆ’ಯವರು ಎಂದು ಹೆಸರಿಸಿ ತಡೆಹಿಡಿಯಿತು. ವ್ಯಾಪಾರಿ ಹೋಗಬಹುದು, ವಕೀಲ ಹೋಗಬಹುದು, ಪುರೋಹಿತ ಹೋಗಬಹುದು. ಝಾಡಮಾಲಿ ಮಾತ್ರ ಹೋಗಕೂಡದು. ಅವನು ಹೋದರೆ ಊರು ನಾರುತ್ತದೆ. ಕರಾಚಿಯ ಸಂಡಾಸುಗಳನ್ನು ತೊಳೆಯುವವರು ಯಾರು ಎಂಬುದೇ ಪ್ರಧಾನಿ ಲಿಯಾಕತ್ ಅಲಿ ಖಾನರ ಚಿಂತೆಯಾಗಿತ್ತು ಎಂದು ಅಲ್ಲಿದ್ದ ಭಾರತದ ಹೈಕಮಿಷನರ್ ಶ್ರೀಪ್ರಕಾಶರು ನೆನಪಿಸಿಕೊಂಡಿದ್ದಾರೆ. ಆಗ ಬಾಬಾಸಾಹೇಬರು ಭಾರತದ ಕಾನೂನು ಮಂತ್ರಿ. 1947ರ ಡಿಸೆಂಬರಿನಲ್ಲಿ ಅವರು ನೆಹರೂ ಅವರಿಗೆ ಪತ್ರ ಬರೆದು ಈ ಅನ್ಯಾಯವನ್ನು ಮುಂದಿಟ್ಟರು. ಪಾಕಿಸ್ತಾನದಲ್ಲಿ ಸಿಕ್ಕಿಬಿದ್ದ ಅಸ್ಪೃಶ್ಯರು ಹೇಗಾದರೂ ಮಾಡಿ ಭಾರತಕ್ಕೆ ಬನ್ನಿ ಎಂದು ಅದಕ್ಕೆ ಮುಂಚೆಯೇ ಬಹಿರಂಗ ಹೇಳಿಕೆ ಕೊಟ್ಟಿದ್ದರು.

ಆ ಪತ್ರ ಅಷ್ಟಕ್ಕೇ ಮುಗಿಯುವುದಿಲ್ಲ. ಅದರ ಇನ್ನರ್ಧವನ್ನು ನಮ್ಮ ವೇದಿಕೆಯ ಮಂದಿ ಬೇಕೆಂತಲೇ ಮರೆಯುತ್ತಾರೆ. ಹೇಗೋ ಗಡಿ ದಾಟಿ ಬಂದ ಅಸ್ಪೃಶ್ಯರು ಭಾರತದ ನಿರಾಶ್ರಿತರ ಕ್ಯಾಂಪಿನೊಳಗೆ ಹೋಗಲಾರದೆ ಹೊರಗಿದ್ದಾರೆ, ಕ್ಯಾಂಪಿನ ಅಧಿಕಾರಿಗಳು ಸವರ್ಣ ನಿರಾಶ್ರಿತರಿಗೂ ಇವರಿಗೂ ಭೇದ ಮಾಡುತ್ತಿದ್ದಾರೆ, ಕ್ಯಾಂಪಿನೊಳಗಿದ್ದವರಿಗಷ್ಟೇ ಪಡಿತರ ಎಂಬ ನಿಯಮದಿಂದ ಇವರು ಉಪವಾಸ ಬೀಳುತ್ತಿದ್ದಾರೆ ಎಂದೂ ಬಾಬಾಸಾಹೇಬರು ಅದೇ ಪತ್ರದಲ್ಲಿ ದೂರಿದ್ದರು. ಆ ಕಡೆ ಬಿಡಲಿಲ್ಲ, ಈ ಕಡೆ ಸೇರಿಸಿಕೊಳ್ಳಲಿಲ್ಲ. ಗಡಿಯೆಂಬುದು ಹೊಸದಾಗಿ ಎಳೆದ ಗೆರೆ. ಕೇರಿಗೂ ಊರಿಗೂ ನಡುವೆ ಇದ್ದ ಗೆರೆ ಅದಕ್ಕಿಂತ ಹಳೆಯದು, ಅದಕ್ಕಿಂತ ಗಟ್ಟಿ. ಅದು ನಿರಾಶ್ರಿತರ ಗಂಟುಮೂಟೆಯ ಜೊತೆಗೇ ಗಡಿ ದಾಟಿ ಬಂತು.

ಇದು ಹಳೆಯ ಕಥೆ ಅನ್ನುವವರಿಗೆ ಹೇಳಬೇಕಾದ್ದು ಇನ್ನೊಂದಿದೆ. ಸಫಾಯಿ ಕೆಲಸಕ್ಕೆ ಮುಸ್ಲಿಮೇತರರು ಮಾತ್ರ ಅರ್ಜಿ ಹಾಕಬೇಕು ಎಂಬ ಸರ್ಕಾರಿ ಜಾಹೀರಾತುಗಳು ಪಾಕಿಸ್ತಾನದಲ್ಲಿ ಈ ಶತಮಾನದಲ್ಲೂ ಪತ್ರಿಕೆಗಳಲ್ಲಿ ಬಂದಿವೆ. ಅಲ್ಲಿ ಗಟಾರಕ್ಕಿಳಿಯುವ ಕ್ರೈಸ್ತರಲ್ಲಿ ಬಹುಪಾಲು ಮಂದಿ ಒಂದು ಕಾಲಕ್ಕೆ ಚೂಹ್ರಾ ಎಂದು ಕರೆಸಿಕೊಂಡ ಅಸ್ಪೃಶ್ಯರ ಮೊಮ್ಮಕ್ಕಳು. ಸಿಂಧದಲ್ಲಿ ಜಮೀನುದಾರರ ಸಾಲದಲ್ಲಿ ಜೀತಕ್ಕೆ ಬಿದ್ದ ಹಿಂದೂಗಳು ಯಾರು? ಕೋಲಿಗಳು, ಭೀಲರು, ಮೇಘವಾರರು. ಧರ್ಮ ಬದಲಾದರೂ ಪೊರಕೆ ಬದಲಾಗಲಿಲ್ಲ. ಹಾಗಿರುವಾಗ ‘ಅಲ್ಪಸಂಖ್ಯಾತ’ ಎಂಬ ಒಂದೇ ಮಾತಿನಲ್ಲಿ ಆ ಮಂದಿಯ ಗೋಳನ್ನೆಲ್ಲ ಕಟ್ಟಿಹಾಕುವ ಪದ್ಯ ಅರ್ಧ ಸತ್ಯ ಹೇಳುತ್ತದೆ. ಅರ್ಧ ಸತ್ಯಕ್ಕೆ ಚಪ್ಪಾಳೆ ಜಾಸ್ತಿ.

ಈಗ ಬಂಗಾಳಕ್ಕೆ ಬರೋಣ, ಯಾಕೆಂದರೆ ನಮ್ಮ ಪದ್ಯಗಳ ತಾಯಿ ಬಂಗಾಳಿ. ನಿರಾಶ್ರಿತ ಬಂಗಾಳಿ ಅಂದರೆ ನಮ್ಮ ಓದಿದ ಮಂದಿಯ ಕಣ್ಣ ಮುಂದೆ ಬರುವುದು ಋತ್ವಿಕ್ ಘಟಕರ ‘ಮೇಘೇ ಢಾಕಾ ತಾರಾ’. 1960ರ ಚಿತ್ರ, ದೊಡ್ಡ ಚಿತ್ರ. ಅದರ ನೀತಾಳ ಸಂಕಟ ಸುಳ್ಳಲ್ಲ. ಆದರೆ ಆಕೆಯ ಅಪ್ಪ ಶಾಲೆಯ ಮಾಸ್ತರ. ಮನೆ ಕಳೆದುಕೊಂಡರೂ ಅಕ್ಷರ ಕಳೆದುಕೊಳ್ಳದ ಕುಟುಂಬ ಅದು. ಅಂಥವರು ಕಲಕತ್ತೆಯ ಅಂಚಿನಲ್ಲಿ ಹಟ ಹಿಡಿದು ಕಾಲೊನಿ ಕಟ್ಟಿಕೊಂಡರು, ನಿಧಾನಕ್ಕೆ ಆ ಜಾಗ ಅವರದಾಯಿತು. ಹಿಂದಿನಿಂದ ಬಂದ ನಾಮಶೂದ್ರರಿಗೆ, ಅಂದರೆ 1911ರ ಜನಗಣತಿಗೆ ಮುಂಚೆ ಚಂಡಾಲರೆಂದು ಬರೆಸಿಕೊಂಡಿದ್ದ ರೈತ, ಮೀನುಗಾರರಿಗೆ, ಕಲಕತ್ತೆಯಲ್ಲಿ ಜಾಗ ಸಿಗಲಿಲ್ಲ. ಅವರನ್ನು ಕ್ಯಾಂಪಿಗೆ ಹಾಕಿ, ಕ್ಯಾಂಪಿನಿಂದ ಅಂಡಮಾನಿಗೆ, 1958ರಿಂದ ದಂಡಕಾರಣ್ಯದ ಕಲ್ಲುನೆಲಕ್ಕೆ ಸಾಗಿಸಿದರು. ನೀರಿನ ನಾಡಿನ ಬೆಸ್ತರನ್ನು ಕಾಡಿನ ಬಂಡೆಗಳ ನಡುವೆ ಬಿಟ್ಟರು.

1978ರಲ್ಲಿ ಅವರಲ್ಲಿ ಸಾವಿರಾರು ಮಂದಿ ಅಲ್ಲಿಂದ ಎದ್ದು ಬಂದು ಸುಂದರಬನದ ಮರಿಚ್‌ಝಾಪಿ ಎಂಬ ದ್ವೀಪದಲ್ಲಿ ತಾವೇ ಊರು ಕಟ್ಟಿದರು. ಶಾಲೆ ಕಟ್ಟಿದರು, ಕೊಳವೆಬಾವಿ ತೋಡಿದರು. 1979ರ ಜನವರಿಯಲ್ಲಿ ಪೊಲೀಸರು ದೋಣಿಗಳಿಂದ ದ್ವೀಪವನ್ನು ಸುತ್ತುಗಟ್ಟಿ ಅನ್ನ ನೀರು ತಡೆದರು. ಗುಂಡು ಹಾರಿತು. ಮೇ ತಿಂಗಳಲ್ಲಿ ಗುಡಿಸಲುಗಳಿಗೆ ಬೆಂಕಿ ಬಿದ್ದು ಎಲ್ಲರನ್ನೂ ಎತ್ತಂಗಡಿ ಮಾಡಲಾಯಿತು. ಸತ್ತವರು ಎಷ್ಟು ಎಂಬುದರ ಜಗಳ ಇಂದಿಗೂ ಮುಗಿದಿಲ್ಲ. ಇದನ್ನು ಮಾಡಿದ್ದು ಪಾಕಿಸ್ತಾನದ ಸರ್ಕಾರವಲ್ಲ, ಕೋಮುವಾದಿ ಸರ್ಕಾರವೂ ಅಲ್ಲ. ವಿರೋಧ ಪಕ್ಷದಲ್ಲಿದ್ದಾಗ ಇದೇ ನಿರಾಶ್ರಿತರ ಪರವಾಗಿ ಘೋಷಣೆ ಕೂಗಿದ್ದ ಎಡಪಕ್ಷಗಳ ಸರ್ಕಾರ. ಕೆಂಪು ಬಾವುಟವನ್ನು ನಮ್ಮದೆಂದು ನಂಬುವ ಗೆಳೆಯರು ಈ ಮಾತಿಗೆ ಸಿಟ್ಟಾಗಬಾರದು. ಸಿಟ್ಟಾಗುವುದಾದರೆ ಮರಿಚ್‌ಝಾಪಿಯ ಮೇಲೆ ಆಗಲಿ.

ನೀತಾಳ ಕಥೆ ಹೇಳಲು ಕ್ಯಾಮರಾ ಇತ್ತು. ನಾಮಶೂದ್ರನ ಕಥೆ ಹೇಳಲು ಅವನೇ ಅಕ್ಷರ ಕಲಿಯಬೇಕಾಯಿತು. ಬಾರಿಸಾಲದಿಂದ ಕೂಸಾಗಿ ಬಂದು, ನಿರಾಶ್ರಿತರ ಕ್ಯಾಂಪಿನಲ್ಲಿ ಹಸಿದು ಬೆಳೆದ ಮನೋರಂಜನ ಬ್ಯಾಪಾರಿ ಓದು ಕಲಿತದ್ದು ಜೈಲಿನಲ್ಲಿ. ಕಲಕತ್ತೆಯಲ್ಲಿ ಸೈಕಲ್ ರಿಕ್ಷಾ ತುಳಿಯುತ್ತಿದ್ದಾಗ ಹತ್ತಿದ ಒಬ್ಬ ಹೆಂಗಸಿಗೆ ಒಂದು ಕಠಿಣ ಶಬ್ದದ ಅರ್ಥ ಕೇಳಿದರು. ಆ ಶಬ್ದ ‘ಜಿಜೀವಿಷಾ’, ಬದುಕುವ ಆಸೆ. ಆ ಹೆಂಗಸು ಮಹಾಶ್ವೇತಾದೇವಿ. ಅವರು ತಮ್ಮ ‘ಬರ್ತಿಕಾ’ ಎಂಬ ಕಿರುಪತ್ರಿಕೆಯಲ್ಲಿ ರಿಕ್ಷಾದವನ ಬರಹ ಅಚ್ಚು ಹಾಕಿದರು. ಮುಂದೆ ಬ್ಯಾಪಾರಿ ತಮ್ಮ ಆತ್ಮಕಥೆಗೆ ಹೆಸರಿಡುವಾಗ ‘ಚಂಡಾಲ’ ಎಂಬ ಮಾತನ್ನು ಬಿಡಲಿಲ್ಲ, ‘ನಿರಾಶ್ರಿತ’ ಎಂಬುದರ ಹಿಂದೆ ಅದನ್ನು ಬಚ್ಚಿಡಲಿಲ್ಲ. ಇದನ್ನು ಓದುವ ಹಳ್ಳಿಯ ಮಾಸ್ತರರಿಗೂ, ಕೈಯಲ್ಲಿ ಕಿರುಪತ್ರಿಕೆ ಹಿಡಿದ ನಮಗೂ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕಿಲ್ಲ.

ಬಂಗಾಳ ದೂರ ಅನ್ನಬೇಡಿ. ರಾಯಚೂರು ಜಿಲ್ಲೆಯ ಸಿಂಧನೂರು ನಮ್ಮದೇ ನಾಡು. ಪೂರ್ವ ಪಾಕಿಸ್ತಾನದಿಂದ ಬಂದ ನೂರಾರು ಕುಟುಂಬಗಳಿಗೆ 1970ರ ದಶಕದ ಮೊದಲಲ್ಲಿ ಅಲ್ಲಿ ಜಮೀನು ಕೊಟ್ಟು ಕೂರಿಸಿದರು. ಆ ಊರುಗಳಿಗೆ ಇವತ್ತಿಗೂ ಹೆಸರು ‘ಆರ್.ಎಚ್. ಕ್ಯಾಂಪು’, ಅದರ ಮುಂದೊಂದು ನಂಬರು. ಅರ್ಧ ಶತಮಾನ ಕಳೆದರೂ ಊರಿಗೆ ಹೆಸರು ಬರಲಿಲ್ಲ, ನಂಬರೇ ಉಳಿಯಿತು. ಅಲ್ಲಿರುವವರಲ್ಲಿ ಬಹಳ ಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರು ಇಲ್ಲದ್ದರಿಂದ ಜಾತಿ ಪ್ರಮಾಣಪತ್ರಕ್ಕಾಗಿ ಅವರು ದಶಕಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದಿದ್ದಾರೆ. ಅವಮಾನಕ್ಕೆ ಜಾತಿ ಇದೆ, ಸ್ಕಾಲರ್‌ಶಿಪ್ಪಿಗೆ ಜಾತಿ ಇಲ್ಲ. ತಹಶೀಲ್ದಾರ ಕಚೇರಿಯ ಕಟ್ಟೆಯ ಮೇಲೆ ಸರ್ಟಿಫಿಕೇಟಿಗಾಗಿ ದಿನಗಟ್ಟಲೆ ಕೂತ ನಮ್ಮ ಕೇರಿಯ ಹುಡುಗರಿಗೆ ಈ ಸಂಕಟ ಬಿಡಿಸಿ ಹೇಳಬೇಕೇ? ಆದರೂ ನಾಲ್ಕು ತಾಲೂಕಿನ ಕವಿಗಳಾದ ನಾವು ಢಾಕಾದ ಬೆಂಕಿಯ ಬಗ್ಗೆ ಬರೆದೆವು, ಸಿಂಧನೂರಿನ ಕ್ಯಾಂಪಿನ ಬಗ್ಗೆ ಒಂದು ಸಾಲು ಬರೆಯಲಿಲ್ಲ.

ಅದಕ್ಕೂ ಹತ್ತಿರ ಮುಂಡಗೋಡ. ಹಾನಗಲ್ಲಿನಲ್ಲಿ ಬಸ್ಸು ಹತ್ತಿದರೆ ಗಂಟೆಯೊಳಗಿನ ದಾರಿ. 1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೆ ಬಂದ ಟಿಬೆಟನ್ನರಿಗೆ 1966ರ ಹೊತ್ತಿಗೆ ಅಲ್ಲಿ ನೆಲೆ ಕೊಟ್ಟರು. ನಮ್ಮ ಅಪ್ಪ ಗೋವಿನಜೋಳ ಮುರಿಯಲು ಅವರ ಹೊಲಕ್ಕೆ ಕೂಲಿ ಹೋಗಿ ಬಂದವನು. ನಿರಾಶ್ರಿತನ ಹೊಲದಲ್ಲಿ ಮೂಲನಿವಾಸಿ ಕೂಲಿ ಎಂದು ಇದನ್ನು ಜಗಳದ ಮಾತು ಮಾಡುವವರು ನಮ್ಮಲ್ಲಿದ್ದಾರೆ. ನಾವು ಹಾಗೆ ಮಾಡುವುದಿಲ್ಲ. ನಮ್ಮ ಅಪ್ಪನಿಗೆ ಹೊಲ ಇಲ್ಲದ್ದು ಟಿಬೆಟನ್ನರು ಬಂದದ್ದರಿಂದಲ್ಲ, ಅವರು ಬರುವುದಕ್ಕೆ ನೂರಾರು ವರ್ಷ ಮೊದಲೇ ಗೌಡರ ಕೈಯಲ್ಲಿ ಹೊಲ ಇದ್ದದ್ದರಿಂದ. ಆದರೆ ಆ ಮುದುಕ ಲಾಮಾಗಳ ಬಗ್ಗೆ ಬರೆಯುವಾಗ ನಮ್ಮ ಪದ್ಯ ಬಂಗಾರದ ಗುಡಿ, ಚಳಿಗಾಲದ ಸ್ವೆಟರ್ ಇಷ್ಟನ್ನೇ ಕಂಡಿತು. ಈ ನೆಲದಲ್ಲಿ ಹುಟ್ಟಿಯೂ ಪರದೇಶಿಯ ನೋಂದಣಿ ಪುಸ್ತಕ ಹಿಡಿದು ಅದನ್ನು ಮತ್ತೆ ಮತ್ತೆ ಹೊಸದು ಮಾಡಿಸಿಕೊಳ್ಳುವ ಹುಡುಗನನ್ನು ಕಾಣಲಿಲ್ಲ.

ಕವಿತೆ ಮಾಡಿದ ತಪ್ಪನ್ನೇ ಕಾನೂನೂ ಮಾಡಿತು. 2019ರ ಡಿಸೆಂಬರಿನ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ದೇಶ, ಆರು ಧರ್ಮ ಎಂದು ಎಣಿಸಿತು. 2024ರ ಮಾರ್ಚಿನಲ್ಲಿ ನಿಯಮ ಬಂದ ಮೇಲೆ ಸಿಂಧನೂರಿನ ಕ್ಯಾಂಪಿನ ಕೆಲವರಿಗೂ ಪೌರತ್ವದ ಪತ್ರ ಸಿಕ್ಕಿತು. ಸಿಕ್ಕಿದ್ದು ನಮಗೆ ಸಂತೋಷವೇ. ಅವರು ಈ ಕಾಗದಕ್ಕಾಗಿ ಕಾದದ್ದು ಕಡಿಮೆಯಲ್ಲ. ಆದರೆ ಚೀನಾ ಆ ಪಟ್ಟಿಯಲ್ಲಿಲ್ಲ ಎಂದು ಮುಂಡಗೋಡದ ಬೌದ್ಧ ಹೊರಗೆ. ಬರ್ಮಾ ಪಟ್ಟಿಯಲ್ಲಿಲ್ಲ, ಧರ್ಮವೂ ಸರಿಯಿಲ್ಲ ಎಂದು ರೋಹಿಂಗ್ಯಾ ಹೊರಗೆ. ಶ್ರೀಲಂಕಾದ ತಮಿಳ ಹೊರಗೆ. ಪಾಕಿಸ್ತಾನದಲ್ಲಿ 1974ರಲ್ಲಿ ಮುಸ್ಲಿಮರೇ ಅಲ್ಲ ಎಂದು ಕಾನೂನಿನಿಂದ ಹೊರಗಿಟ್ಟ ಅಹಮದೀಯ, ಇಲ್ಲಿ ಮುಸ್ಲಿಮನೆಂದು ಹೊರಗೆ. ಓಡಿ ಬಂದವನ ಗಾಯ ನೋಡಬೇಕಾದ ಕಡೆ ಗುಡಿಯೋ ಮಸೀದಿಯೋ ಎಂದು ನೋಡುವ ಕಣ್ಣು ಅದು. ಆ ಕಣ್ಣಿಗೆ ಕ್ಯಾಂಪಿನ ಒಳಗಿನ ಕೇರಿ ಕಾಣುವುದಾದರೂ ಹೇಗೆ?

ಇಲ್ಲಿಯವರೆಗೆ ಹೇಳಿದ್ದು ಇನ್ನೊಬ್ಬರಿಗೆ. ಇನ್ನು ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಇದು ಕಹಿ.

ಬಾಂಗ್ಲಾದೇಶದ ಹಿಂದೂಗಳ ಮೇಲಿನ ದಾಳಿಯ ಸುದ್ದಿ ಬಂದಾಗ ದಲಿತ, ಬಂಡಾಯ ಎಂದು ಹೇಳಿಕೊಳ್ಳುವ ನಾವು ಎಷ್ಟೋ ಮಂದಿ ಸುಮ್ಮನಿದ್ದೆವು. ಶಿಗ್ಗಾಂವಿಯ ಚಹಾದಂಗಡಿಯಲ್ಲಿ ಗೆಳೆಯನೊಬ್ಬ ಬಾಯಿಬಿಟ್ಟೇ ಹೇಳಿದ: ‘ಅದನ್ನ ನಾವ್ ಮಾತಾಡಿದ್ರ ಅವರಿಗೆ ಅನುಕೂಲ ಆಕ್ಕೈತಿ.’ ಅವರಿಗೆ ಅಂದರೆ ಕೋಮುವಾದಿಗಳಿಗೆ. ಆ ಹೆದರಿಕೆ ನಮಗೂ ಇತ್ತು. ಆದರೆ ಯೋಚಿಸಿ ನೋಡಿ, ಬಾಂಗ್ಲಾದೇಶದ ಹಳ್ಳಿಯಲ್ಲಿ ಉಳಿದುಕೊಂಡ ಹಿಂದೂ ಯಾರು? ಕೈಯಲ್ಲಿ ದುಡ್ಡು, ಕಲಕತ್ತೆಯಲ್ಲಿ ಬಂಧುಬಳಗ ಇದ್ದವರು ಎಂದೋ ಹೊರಟುಹೋದರು. ಉಳಿದವರಲ್ಲಿ ದೊಡ್ಡ ಪಾಲು ನಾಮಶೂದ್ರ, ಬೆಸ್ತ, ಚಮ್ಮಾರ. ಅಲ್ಲಿ ಉರಿದ ಎಷ್ಟೋ ಗುಡಿಸಲು ನಮ್ಮ ಗುಡಿಸಲೇ. ಅವರ ಪರವಾಗಿ ಕೂಗುವ ಹಕ್ಕನ್ನು ಮಡಿವಂತರಿಗೆ ಬಿಟ್ಟುಕೊಟ್ಟವರು ನಾವು.

ಜೋಗೇಂದ್ರನಾಥ ಮಂಡಲರನ್ನು ನಮ್ಮ ಅಧ್ಯಯನ ಶಿಬಿರಗಳಲ್ಲಿ ಯಾಕೆ ಓದುವುದಿಲ್ಲ? 1946ರಲ್ಲಿ ಬಾಬಾಸಾಹೇಬರು ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಬರಲು ದುಡಿದ ನಾಮಶೂದ್ರ ನಾಯಕ ಅವರು. ಬಡ ಮುಸ್ಲಿಮನೂ ದಲಿತನೂ ಒಂದೇ ಹೊಲದ ಆಳುಗಳು ಎಂದು ನಂಬಿ ಪಾಕಿಸ್ತಾನದ ಕಡೆ ನಿಂತರು, ಅಲ್ಲಿನ ಮೊದಲ ಕಾನೂನು ಮಂತ್ರಿಯಾದರು. 1950ರಲ್ಲಿ ಪೂರ್ವ ಬಂಗಾಳದಲ್ಲಿ ಹಿಂಸೆ ಭುಗಿಲೆದ್ದು ತಮ್ಮದೇ ಜನ ಪೊಲೀಸರಿಂದಲೂ ಗುಂಪುಗಳಿಂದಲೂ ಹಿಂಸೆ ಉಂಡಾಗ, ಆ ವರ್ಷದ ಅಕ್ಟೋಬರಿನಲ್ಲಿ ಉದ್ದನೆಯ ರಾಜೀನಾಮೆ ಪತ್ರ ಬರೆದಿಟ್ಟು ಕಲಕತ್ತೆಗೆ ಬಂದುಬಿಟ್ಟರು. ಮಂತ್ರಿಯಾಗಿದ್ದವನೂ ನಿರಾಶ್ರಿತನಾದ. ಬಂದ ಮೇಲೆ ಇಲ್ಲಿಯೂ ಅವರಿಗೆ ಗೌರವದ ಜಾಗ ಸಿಗಲಿಲ್ಲ. ಕೋಮುವಾದಿಗಳು ಆ ಪತ್ರವನ್ನು ದಲಿತ ಮುಸ್ಲಿಮರನ್ನು ಒಡೆಯಲು ಬಳಸುತ್ತಾರೆ. ನಾವು ಅದೇ ಕಾರಣಕ್ಕೆ ಅದನ್ನು ಮುಚ್ಚಿಡುತ್ತೇವೆ. ಎರಡೂ ಮೋಸವೇ. ಆ ಪತ್ರ ಹೇಳುವುದು ಮುಸ್ಲಿಮ ಕೆಟ್ಟವ ಎಂದಲ್ಲ. ಧರ್ಮದ ಹೆಸರಿನಲ್ಲಿ ಕಟ್ಟಿದ ರಾಜ್ಯದಲ್ಲಿ ಬಡವರ ಸ್ನೇಹಕ್ಕೂ ಬೆಲೆ ಉಳಿಯುವುದಿಲ್ಲ ಎಂದು. ಶಿಶುನಾಳದ ಶರೀಫರೂ ಗೋವಿಂದಭಟ್ಟರೂ ಕೂಡಿ ಬಾಳಿದ ತಾಲೂಕಿನವರಾದ ನಮಗೆ ಈ ಎಚ್ಚರಿಕೆ ಬೇಡವೇ?

ಕಡೆಗೆ ಸವಣೂರಿಗೆ ಬರುತ್ತೇವೆ. ಪೊರಕೆ ಹಿಡಿದ ಆ ತಾಯಿಯ ಪ್ರಶ್ನೆ ನಮ್ಮನ್ನು ಕರಾಚಿಗೆ ಒಯ್ದದ್ದು ಕೊನೆಗೆ ಇಲ್ಲಿಗೇ ತಂದು ಬಿಡಲು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಕುಟುಂಬದವರು ಪುರಸಭೆಯ ಎದುರು ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಮಲ ಎತ್ತಿದವರು ಅವರು. ಅವರ ಗುಡಿಸಲುಗಳಿದ್ದ ಜಾಗದಲ್ಲಿ ಅಂಗಡಿ ಸಂಕೀರ್ಣ ಕಟ್ಟಬೇಕೆಂದು ಎಬ್ಬಿಸಲು ಹೊರಟಾಗ ಅವರಿಗೆ ಉಳಿದ ಭಾಷೆ ಅದೊಂದೇ ಆಗಿತ್ತು. ತಲೆಯ ಮೇಲೆ ಮಲ ಹೊರುವುದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ 1970ರ ದಶಕದಲ್ಲೇ ಈ ರಾಜ್ಯದಲ್ಲಿ ನಿಷೇಧಿಸಿದ್ದರು. ಅದಾಗಿ ಮೂರು ದಶಕದ ಮೇಲಿನ ಮಾತು ಇದು. ಇದೇ ಸವಣೂರಿನಲ್ಲಿ ಆಫ್ರಿಕಾದಿಂದ ಬಂದ ದೊಡ್ಡಹುಣಸೆ ಮರಗಳಿವೆ. ಕಡಲಾಚೆಯಿಂದ ಬಂದ ಮರಕ್ಕೆ ಊರು ಕಟ್ಟೆ ಕಟ್ಟಿತು, ಅದರ ಹೆಸರನ್ನು ಮಠಕ್ಕೇ ಇಟ್ಟುಕೊಂಡಿತು. ಊರ ಹೊಲಸು ಎತ್ತಿದ ಮನುಷ್ಯರನ್ನು ಎತ್ತಂಗಡಿ ಮಾಡಲು ಹೊರಟಿತು.

ಗಡಿ ದಾಟದೆಯೇ ನಿರಾಶ್ರಿತರಾಗುವವರು ಇವರು. ಇವರನ್ನು ಅಟ್ಟಿದ್ದು ಪರದೇಶವಲ್ಲ, ಪರಧರ್ಮವಲ್ಲ. ಕರಾಚಿಯಲ್ಲಿ ‘ನೀನು ಹೋಗಬೇಡ, ಹೊಲಸು ಎತ್ತುವವರು ಬೇಕು’ ಎಂದರು. ಸವಣೂರಿನಲ್ಲಿ ‘ನೀನು ಹೋಗು, ನಿನ್ನ ಜಾಗ ಬೇಕು’ ಎಂದರು. ಎರಡೂ ಕಡೆ ಮನುಷ್ಯ ಬೇಕಾಗಿರಲಿಲ್ಲ.

ಹಾಗಾದರೆ ನಿರಾಶ್ರಿತರ ಬಗ್ಗೆ ಬರೆಯಬಾರದೇ? ಬರೆಯಬೇಕು. ಇನ್ನೂ ಹೆಚ್ಚು ಬರೆಯಬೇಕು. ಆದರೆ ಬರೆಯುವವನು ಮುಳ್ಳುತಂತಿಯ ಮೇಲಿನ ಹಕ್ಕಿಯನ್ನು ಹಾರಲು ಬಿಟ್ಟು, ತಂತಿಯ ಕೆಳಗೆ ತೆವಳಿ ಬಂದವನ ಕೈ ನೋಡಬೇಕು. ಆ ಕೈಯಲ್ಲಿ ಪುಸ್ತಕ ಇತ್ತೋ, ಬಲೆ ಇತ್ತೋ, ಪೊರಕೆ ಇತ್ತೋ ಕೇಳಬೇಕು. ಭೀಷ್ಮ ಸಾಹನಿ 1974ರಲ್ಲಿ ‘ತಮಸ್’ ಬರೆದಾಗ ದಂಗೆಯ ಕಥೆಯನ್ನು ಮುಖಂಡರಿಂದ ಶುರು ಮಾಡಲಿಲ್ಲ. ಐದು ರೂಪಾಯಿಗೆ ಹಂದಿ ಕೊಲ್ಲಲು ಒಪ್ಪಿಸಿದ, ಯಾಕೆಂದು ತಿಳಿಯದ, ಚರ್ಮ ಸುಲಿಯುವ ನಾಥುವಿನಿಂದ ಶುರು ಮಾಡಿದರು. ದೊಡ್ಡವರ ಆಟದಲ್ಲಿ ಮೊದಲು ಬಳಕೆಯಾಗುವವನು ಯಾರು ಎಂಬುದು ಅವರಿಗೆ ಗೊತ್ತಿತ್ತು.

ಹಿರೇಕೆರೂರಿನ ಕಡೆಯ ಶಿಕ್ಷಕ ಗೆಳೆಯರಿಗೆ, ಅಬಲೂರಿನ ಸರ್ವಜ್ಞನನ್ನು ಮಕ್ಕಳಿಗೆ ಕಲಿಸುವ ನಿಮಗೆ, ನಮ್ಮದೊಂದು ವಿನಂತಿ. ದೇಶವಿಭಜನೆಯ ಪಾಠ ಬಂದಾಗ ಎಷ್ಟು ಲಕ್ಷ ಜನ ಆಚೆಯಿಂದ ಈಚೆ ಬಂದರು ಎಂದು ಬಾಯಿಪಾಠ ಮಾಡಿಸುವುದರ ಜೊತೆಗೆ, ಬರಲು ಬಿಡದೆ ಹಿಡಿದಿಟ್ಟವರು ಯಾರು ಎಂದೂ ಕೇಳಿ. ವಿದ್ಯಾರ್ಥಿ ಗೆಳೆಯರು ರಜೆಯಲ್ಲಿ ಸಿಂಧನೂರಿಗೆ, ಮುಂಡಗೋಡಕ್ಕೆ ಹೋಗಿ ಮುದುಕರ ಮಾತು ಬರೆದುಕೊಂಡು ಬರಲಿ. ಈ ಪತ್ರಿಕೆಯ ಪುಟ ಅದಕ್ಕೆ ತೆರೆದಿರಬೇಕು.

ನಮ್ಮ ಹಾನಗಲ್ಲಿನ ಪದ್ಯವನ್ನು ನಾವು ಹರಿದು ಹಾಕಿಲ್ಲ. ಅದರ ಬೆನ್ನಿಗೆ ಆ ತಾಯಿಯ ಪ್ರಶ್ನೆಯನ್ನು ಆಕೆಯ ಮಾತಿನಲ್ಲೇ ಬರೆದಿಟ್ಟುಕೊಂಡಿದ್ದೇವೆ. ಮುಂದಿನ ಗೋಷ್ಠಿಯಲ್ಲಿ ಮೊದಲು ಅದನ್ನೇ ಓದುತ್ತೇವೆ. ಚಪ್ಪಾಳೆ ಬೀಳದಿದ್ದರೆ ಬೇಡ. ಸಭಾಗೃಹ ಗುಡಿಸಲು ಬಂದವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರೆ ಸಾಕು.